ಗಣೇಶನ ಚಂದಾ ಎತ್ತಿದವರಿಗೆ ಶಿಬಿರದ ಫೀಸು ಎಷ್ಟರ ಮಾತು?

ಗಣೇಶನ ಹಬ್ಬ ಹತ್ತಿರ ಬಂದರೆ ತುಮಕೂರಿನ ಶೆಟ್ಟಿಹಳ್ಳಿಯ ಹುಡುಗರಿಗೆ ದುಡ್ಡು ಎತ್ತುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ. 'ಆಂಟಿ, ಹೋದ್ ವರ್ಷ ಐನೂರು ಕೊಟ್ಟಿದ್ರಿ' ಎಂದು ನೆನಪಿಸುತ್ತಾರೆ. ಅದೇ ಹುಡುಗನಿಗೆ ಯುವ ನಾಯಕತ್ವ ಶಿಬಿರಕ್ಕೆ ಕರೆ ಬರಲಿ, ಫೀಸಿಗೆ ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ. ದೇವರ ಹೆಸರಿನಲ್ಲಿ ಇಲ್ಲದ ಸಂಕೋಚ ತನ್ನ ಹೆಸರಿಗೆ ಬಂದಾಗ ಎಲ್ಲಿಂದಲೋ ಬಂದು ಕೂರುತ್ತದೆ.

ನಮ್ಮ ಸೀಮೆಯಲ್ಲಿ ಓದಿಗಾಗಿ ಕೈಚಾಚುವುದು ನಾಚಿಕೆಯ ವಿಷಯವಾಗಿರಲಿಲ್ಲ. ವಾರಾನ್ನದ ಕಾಲದಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರು ಮುಂದೆ ಮೇಷ್ಟರಾದರು, ವಕೀಲರಾದರು. ಪಕ್ಕದ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಮಕ್ಕಳ ದಾಸೋಹಕ್ಕಾಗಿ ಊರೂರು ತಿರುಗಿ ದವಸ ಬೇಡಿ ತಂದರು. ಅವರು 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಮಠದಲ್ಲಿ ಸಾವಿರಾರು ಮಕ್ಕಳು ಪುಕ್ಕಟೆಯಾಗಿ ಉಂಡು ಓದುತ್ತಿದ್ದರು.

ಕೇಳುವ ಮೊದಲು ಒಂದು ಕೆಲಸವಿದೆ. ಆ ಖರ್ಚನ್ನು ಈಗಾಗಲೇ ಬೇರೆ ಯಾರಾದರೂ ಕೊಡುತ್ತಿದ್ದಾರೆಯೇ ನೋಡಬೇಕು. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನ ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾದರೆ ಓಡಾಟ, ಊಟ, ವಸತಿ ಎಲ್ಲವೂ ಸರ್ಕಾರದ್ದು. ಆಸ್ಟ್ರೇಲಿಯಾದಲ್ಲಿ 1959ರಲ್ಲಿ ಹುಟ್ಟಿದ ರೋಟರಿಯ 'ರೈಲಾ' ಶಿಬಿರಕ್ಕೆ ಸಾಮಾನ್ಯವಾಗಿ ಸ್ಥಳೀಯ ಕ್ಲಬ್ಬೇ ದುಡ್ಡು ಕಟ್ಟಿ ಕಳಿಸುತ್ತದೆ. 'ನೀವು ಆಯ್ಕೆಯಾಗಿದ್ದೀರಿ, ಮೂರು ದಿನದೊಳಗೆ ನಲವತ್ತು ಸಾವಿರ ಕಟ್ಟಿ' ಎಂಬ ಮೇಲ್ ಬಂದರೆ ಮಾತ್ರ ಅನುಮಾನ ಪಡಿ. ಅರ್ಜಿಯನ್ನೇ ಹಾಕದವರನ್ನು ಆಯ್ಕೆ ಮಾಡುವ ಶಿಬಿರದಲ್ಲಿ ನಾಯಕರಾಗುವುದಕ್ಕಿಂತ ಬ್ರೋಷರು ಮತ್ತು ಸರ್ಟಿಫಿಕೇಟಿಗೆ ಗಿರಾಕಿಯಾಗುವ ಸಾಧ್ಯತೆಯೇ ಹೆಚ್ಚು.

ನಿಜವಾದ ಶಿಬಿರವೇ, ಹತ್ತು ಸಾವಿರ ಬೇಕು ಎಂದುಕೊಳ್ಳಿ. ಒಂದು ಹಾಳೆಯಲ್ಲಿ ಬರೆಯಿರಿ: ಫೀಸು 6000, ರೈಲು 2500, ಮೇಲ್ಖರ್ಚು 1500. ಪ್ರಿನ್ಸಿಪಾಲರ ಪತ್ರ ಹಚ್ಚಿ ಫೀಸು ಕಡಿಮೆ ಮಾಡಲು ಆಯೋಜಕರನ್ನೇ ಮೊದಲು ಕೇಳಿ. ಅರ್ಧ ಇಳಿಸಿದರೂ ಮೂರು ಸಾವಿರ ಉಳಿಯಿತು. ಮಿಕ್ಕ ಏಳು ಸಾವಿರಕ್ಕೆ ಒಬ್ಬ ದೊಡ್ಡವರ ಮನೆ ಬಾಗಿಲಲ್ಲಿ ಅರ್ಧ ದಿನ ಕಾಯುವ ಬದಲು ಎಪ್ಪತ್ತು ಮನೆಗಳಲ್ಲಿ ನೂರು ನೂರು ಕೇಳುವುದು ಮೇಲು. ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾರ್ಟಿಗಾಗಿ ಕೈಯಿಂದಲೇ ದುಡ್ಡು ಕೊಟ್ಟು ಕಿರೀಟ ಇಟ್ಟುಕೊಳ್ಳುವ ಜಿಲ್ಲೆ ಇದು. ನೂರು ರೂಪಾಯಿಗೆ ಯಾರೂ ಮುಖ ತಿರುಗಿಸುವುದಿಲ್ಲ.

ಬರಿಗೈಯಲ್ಲಿ ಕೇಳಲು ಮನಸ್ಸಿಲ್ಲದವರಿಗೆ ಸ್ಕೌಟ್ಸ್‌ನವರ ದಾರಿಯಿದೆ. ಬ್ರಿಟನ್ನಿನಲ್ಲಿ 1949ರಿಂದ ಸ್ಕೌಟ್ ಹುಡುಗರು ಮನೆಗೆಲಸ ಮಾಡಿಕೊಟ್ಟು, ಕೆಲಸಕ್ಕೊಂದು ಶಿಲಿಂಗ್ ಗಳಿಸುತ್ತಿದ್ದರು. ನಮ್ಮ ಸ್ಕೌಟ್ಸ್‌ನಲ್ಲಿ ಅಂಥದ್ದಕ್ಕೆ 'ಖರಿ ಕಮಾಯಿ' ಎನ್ನುತ್ತಾರೆ. ಸ್ಕೂಟರ್ ತೊಳೆಯಿರಿ, ಅಟ್ಟದಿಂದ ಹಳೇ ಪೇಪರ್ ಇಳಿಸಿ ಕಟ್ಟು ಕಟ್ಟಿ. ಕೆಜಿಗೆ ಹತ್ತು ರೂಪಾಯಿ ಸಿಕ್ಕರೂ ಇನ್ನೂರು ಕೆಜಿಗೆ ಎರಡು ಸಾವಿರ. ಅಟ್ಟ ಖಾಲಿಯಾದ ಖುಷಿಗೆ ಕಾಫಿಯನ್ನೂ ಕೊಡುತ್ತಾರೆ.

ಗಣೇಶನ ಚಂದಾದಲ್ಲಿ ಇಲ್ಲದ್ದು ಒಂದೇ: ಲೆಕ್ಕ. ಗಣಪತಿ ನೀರಿಗೆ ಹೋದ ಮೇಲೆ ರಸೀದಿ ಪುಸ್ತಕವೂ ಕಾಣುವುದಿಲ್ಲ. ಶಿಬಿರ ಮುಗಿಸಿ ಬಂದವರು ಎಪ್ಪತ್ತು ಹೆಸರು, ರೈಲು ಟಿಕೆಟ್, ಫೀಸಿನ ರಸೀದಿ ಅಂಟಿಸಿದ ನೋಟ್‌ಬುಕ್ಕನ್ನು ಅದೇ ಎಪ್ಪತ್ತು ಮನೆಗೆ ಒಯ್ದು ತೋರಿಸಬೇಕು. ನೂರಿನ್ನೂರು ಉಳಿದಿದ್ದರೆ ಅದೇ ಪುಸ್ತಕದ ಕೊನೆಯ ಪುಟಕ್ಕೆ ಪಿನ್ ಹಾಕಿ, ಮುಂದಿನ ವರ್ಷ ಹೊರಡುವ ಹುಡುಗಿಯ ಕೈಗೆ ಕೊಡಿ.