ಮನೆಯ ಜೊತೆಗೆ ಬಂದ ಗೋಬರ್ ಗ್ಯಾಸ್

ವಾಮಂಜೂರಿನಲ್ಲಿ ನಾವು ಈ ಮನೆ ತೆಗೆದುಕೊಂಡದ್ದು ಹಟ್ಟಿ ನೋಡಿ. ಹಳೆಯ ಹಂಚಿನ ಮನೆ, ಬಾವಿ, ನಾಲ್ಕು ತೆಂಗು, ಹಿಂದೆ ಎಂಟು ದನ ಕಟ್ಟುವಷ್ಟು ದೊಡ್ಡ ಹಟ್ಟಿ. ನಗರದೊಳಗೆ ಇಂಥದ್ದು ಸಿಗುವುದು ಕಷ್ಟ. “ಗೋಬರ್ ಗ್ಯಾಸ್ ಸಹ ಉಂಟು ಅಕ್ಕ, ಸಿಲಿಂಡರಿನ ಖರ್ಚೇ ಇಲ್ಲ” ಎಂದರು ಮಾರಿದವರು. ನಾನು ಬಾವಿಯ ನೀರು ಕುಡಿದು ನೋಡಿದೆ, ಕ್ರಯಪತ್ರ ವಕೀಲರಿಗೆ ತೋರಿಸಿದೆ. ಒಲೆ ಉರಿಸಿ ತೋರಿಸಿ ಎಂದು ಮಾತ್ರ ಕೇಳಲಿಲ್ಲ.

ಮೇ ಕೊನೆಯಲ್ಲಿ ಮೂರು ದನಗಳೊಂದಿಗೆ ಬಂದೆವು. ಒಲೆ ತಿರುಗಿಸಿದರೆ ಗಾಳಿಯೂ ಇಲ್ಲ. ಹಿಂದೆ ಹೋಗಿ ನೋಡಿದಾಗ ಕಬ್ಬಿಣದ ಡ್ರಮ್ ಒಂದು ಬದಿಗೆ ವಾಲಿ ಕೂತಿತ್ತು. ಬುಡದಲ್ಲಿ ತುಕ್ಕು ತಿಂದು ಬೆರಳು ಹೋಗುವಷ್ಟು ತೂತು. ಸ್ಲರಿ ಹೊರಬರುವ ಗುಂಡಿಗೆ ಮುಚ್ಚಳವೇ ಇರಲಿಲ್ಲ, ಒಣ ಮಡಲು ಹಾಸಿದ್ದರು. ಅದರ ಮೇಲೆ ನನ್ನ ಮಗಳು ಓಡಾಡಿದ್ದಳು ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಂದೇ ಎರಡು ಚಪ್ಪಡಿ ಕಲ್ಲು ತಂದು ಮುಚ್ಚಿದೆವು.

ಅವರು ದನಗಳನ್ನು ಮಾರಿ ನಾಲ್ಕು ವರ್ಷ ಆಗಿತ್ತಂತೆ. ಅಷ್ಟು ದಿನ ಸೆಗಣಿ ಬೀಳದ ಟ್ಯಾಂಕಿನಲ್ಲಿ ಮೇಲ್ಗಡೆ ಬೈಹುಲ್ಲು ಸೇರಿ ಗಟ್ಟಿ ಹೆಪ್ಪಳಿಕೆ ಕಟ್ಟಿತ್ತು. ನಮ್ಮ ಮನೆಯವರು ಪಿಕಾಸಿ ಹಿಡಿದು, “ಡ್ರಮ್ ಎತ್ತಿಸಿ ನಾನೇ ಇಳಿದು ತೆಗೆಯುತ್ತೇನೆ, ಎರಡು ದಿನದ ಕೆಲಸ” ಎಂದು ಹೊರಟರು. ತಡೆದದ್ದು ಹಟ್ಟಿಯ ಮಾಡು ರಿಪೇರಿಗೆ ಬಂದಿದ್ದ ಮೇಸ್ತ್ರಿ. ಅವರು ಎರಡು ಮಾತು ಹೇಳಿದರು. ಒಂದು, ಇದಕ್ಕೆ ಯಾರೂ ಇಳಿಯಬಾರದು. ಇನ್ನೊಂದು, ಮಳೆಗಾಲದಲ್ಲಿ ಖಾಲಿಯೇ ಮಾಡಬಾರದು.

ಎರಡನೆಯದು ನನಗೆ ಹೊಸತು. ನಮ್ಮಲ್ಲಿ ಆಟಿಯ ಮಳೆಗೆ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದಲ್ಲ, ಆಗ ಮಣ್ಣಿನೊಳಗಿನ ನೀರು ಟ್ಯಾಂಕಿನ ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ. ಒಳಗೆ ಸ್ಲರಿ ತುಂಬಿದ್ದರೆ ಅದು ಎದುರು ಒತ್ತಿ ಹಿಡಿಯುತ್ತದೆ, ಖಾಲಿ ಇದ್ದರೆ ಗೋಡೆ ಬಿರಿಯುತ್ತದೆ. ಹಾಗಾಗಿ ಡಿಸೆಂಬರ್‌ವರೆಗೆ ಕಾದೆವು.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಮೀಥೇನ್ ಹಗುರ, ಮೇಲೆ ಹೋಗುತ್ತದೆ. ಉಳಿದೆರಡು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನಿಂದ. ಅದು ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದು ತಿಳಿದವರು ಅಲ್ಲೇ ಕುಸಿಯುತ್ತಾರೆ. ಎತ್ತಲು ಹೋದವರೂ ಕುಸಿಯುತ್ತಾರೆ. ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವ ರೂಢಿ ಹಿರಿಯರದ್ದು. ಗೋಬರ್ ಗ್ಯಾಸಿನ ಟ್ಯಾಂಕಿಗೆ ಅದನ್ನೂ ಮಾಡಬೇಡಿ, ಮೀಥೇನ್‌ಗೆ ಬೆಂಕಿ ಹತ್ತುತ್ತದೆ.

ನಮ್ಮ ಟ್ಯಾಂಕಿಗೆ ಯಾರೂ ಇಳಿಯಲಿಲ್ಲ. ಗ್ಯಾಸಿನ ವಾಲ್ವ್ ತೆರೆದಿಟ್ಟು, ನಂತರ ಚೈನ್ ಪುಲ್ಲಿಯಿಂದ ಡ್ರಮ್ ಎತ್ತಿಸಿ, ಕೆಲವು ದಿನ ಹಾಗೇ ಬಿಟ್ಟೆವು. ಸುತ್ತ ಬೇಲಿ ಕಟ್ಟಿದೆವು. ಬೀಡಿ ಸೇದುವವರನ್ನು ಗೇಟಿನ ಹೊರಗೇ ನಿಲ್ಲಿಸಿದೆ. ಆಮೇಲೆ ನೀರು ಬಿಟ್ಟು, ಮೇಲಿನಿಂದಲೇ ಉದ್ದ ಅಡಿಕೆ ಸಲಾಕೆಯಿಂದ ಕಲಕಿ, ಹಗ್ಗ ಕಟ್ಟಿದ ಬಕೆಟಿನಲ್ಲಿ ಎತ್ತಿದೆವು. ಒಂದು ವಾರ ಹಿಡಿಯಿತು. ಆ ಗೊಬ್ಬರಕ್ಕೆ ನೇಪಿಯರ್ ಹುಲ್ಲು ಬಂದ ಚಂದ ನೋಡಬೇಕಿತ್ತು!

ತುಕ್ಕು ಹಿಡಿದ ಡ್ರಮ್ ಗುಜರಿಗೆ ಹೋಯಿತು. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮ ಊರಿನಲ್ಲಿ ಕಬ್ಬಿಣದ ಡ್ರಮ್ಮಿಗೆ ವರ್ಷಕ್ಕೊಮ್ಮೆ ಪೈಂಟ್ ಬೇಕೇ ಬೇಕು. ನಾವು ಫೈಬರ್ ಡ್ರಮ್ ಹಾಕಿಸಿದೆವು. ಅದಕ್ಕೆ ಬಿದ್ದ ಖರ್ಚು ಮನೆಯ ರೇಟ್ ಮಾತಾಡುವಾಗಲೇ ಕಳೆಯಬೇಕಾಗಿದ್ದ ದುಡ್ಡು.

ಅಳತೆ ಮಾಡಿದಾಗ ಇನ್ನೊಂದು ವಿಷಯ ತಿಳಿಯಿತು. ಅದು 4 ಘನ ಮೀಟರಿನ ಸ್ಥಾವರ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕೆಜಿ ಸೆಗಣಿ ಬೇಕು, ಅಂದರೆ ಇದರ ಹೊಟ್ಟೆಗೆ ನೂರು ಕೆಜಿ. ನಮ್ಮ ಮೂರು ದನಗಳಿಂದ ಸಿಗುವುದು 40 ಕೆಜಿಯ ಆಸುಪಾಸು. ಅದರಿಂದ ಸುಮಾರು ಒಂದೂವರೆ ಘನ ಮೀಟರ್ ಗ್ಯಾಸ್ ಬರುತ್ತದೆ, ಒಂದು ಒಲೆ ಮೂರು ಗಂಟೆ ಉರಿಯುತ್ತದೆ. ಬೆಳಗಿನ ತಿಂಡಿ, ಅನ್ನ, ಸಾರು ಆಗುತ್ತದೆ. “ಸಿಲಿಂಡರಿನ ಖರ್ಚೇ ಇಲ್ಲ” ಎಂಬುದು ಎಂಟು ದನ ಇದ್ದ ಕಾಲದ ಮಾತು.

ಹೊಸದಾಗಿ ತುಂಬುವಾಗ ಸೆಗಣಿಗೆ ಸಮ ಪ್ರಮಾಣದ ನೀರು ಕಲಸಿ, ಪಕ್ಕದ ಮನೆಯ ಚಾಲ್ತಿಯಲ್ಲಿರುವ ಗೋಬರ್ ಗ್ಯಾಸಿನಿಂದ ಹತ್ತು ಬಕೆಟ್ ಸ್ಲರಿ ಸೇರಿಸಿದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಮೊದಲು ತುಂಬಿದ ಗ್ಯಾಸಿನಲ್ಲಿ ಗಾಳಿ ಸೇರಿರುತ್ತದೆ, ಅದನ್ನು ಉರಿಸದೆ ಹೊರಗೆ ಬಿಡಬೇಕು. ಆಮೇಲೂ ಒಲೆ ಕುಣಿಕುಣಿದು ಆರುತ್ತಿತ್ತು. ಕಾರಣ ಪೈಪಿನೊಳಗೆ ನಿಂತ ನೀರು. ತಗ್ಗಿನಲ್ಲಿ ನೀರು ಬಸಿಯುವ ನಲ್ಲಿ ಇಡಿಸಿದ ಮೇಲೆ ಸರಿಯಾಯಿತು. ಹಿಂದಿನವರು ಜೋಡಿಸಿದ್ದ ಒಲೆಯೂ ಎಲ್‌ಪಿಜಿಯದ್ದು. ಅದರ ಜೆಟ್ ಸಣ್ಣದು, ಗೋಬರ್ ಗ್ಯಾಸಿಗೆ ದೊಡ್ಡ ಜೆಟ್ಟಿನ ಒಲೆಯೇ ಬೇಕು. ಜೋಡಣೆಗಳಲ್ಲಿ ಸೋರಿಕೆ ಉಂಟೋ ಎಂದು ಸೋಪಿನ ನೊರೆ ಹಚ್ಚಿ ನೋಡಿ, ಕಡ್ಡಿ ಗೀರಬೇಡಿ.

ಫೆಬ್ರವರಿಯಲ್ಲಿ ಗ್ಯಾಸ್ ದಿಢೀರನೆ ಕಡಿಮೆಯಾಯಿತು. ಆ ವಾರ ಗೌರಿಗೆ ಕೆಚ್ಚಲು ಬಾವು, ಆಂಟಿಬಯೋಟಿಕ್ ನಡೆಯುತ್ತಿತ್ತು. ಡಾಕ್ಟ್ರು ಹೇಳಿದ ದಿನಗಳವರೆಗೆ ಅವಳ ಹಾಲನ್ನು ಸಂಘಕ್ಕೆ ಹಾಕಲಿಲ್ಲ, ಸೆಗಣಿಯನ್ನು ಮಾತ್ರ ಟ್ಯಾಂಕಿಗೆ ಹಾಕುತ್ತಲೇ ಇದ್ದೆ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೂ ಆ ಮದ್ದು ತಾಗುತ್ತದೆ. ಹಟ್ಟಿ ತೊಳೆದ ಫಿನಾಯಿಲ್ ನೀರೂ ಹಾಗೆಯೇ. ಈಗ ಅದಕ್ಕೆ ಬೇರೆ ಚರಂಡಿ ಮಾಡಿಸಿದ್ದೇನೆ.

ಮಾರಿದವರಿಗೆ ಒಮ್ಮೆ ಫೋನ್ ಮಾಡಿದ್ದೆ. “ನಮ್ಮ ಕಾಲದಲ್ಲಿ ಚೆನ್ನಾಗಿ ಉರಿಯುತ್ತಿತ್ತಲ್ಲ” ಎಂದರು. ಸುಳ್ಳೇನೂ ಅಲ್ಲ. ಕಳೆದ ತಿಂಗಳು ನನ್ನ ತಂಗಿ ನೀರುಮಾರ್ಗದ ಕಡೆ ಗೋಬರ್ ಗ್ಯಾಸ್ ಇರುವ ಮನೆ ನೋಡಲು ಹೊರಟಾಗ ನಾನೂ ಹೋದೆ. ಬಾಗಿಲು ದಾಟಿದವಳೇ ಅಡುಗೆ ಕೋಣೆಗೆ ಹೋಗಿ, “ಒಂದು ಚಾ ಮಾಡಿ ಕೊಡಿ ಅಕ್ಕ, ಇದೇ ಒಲೆಯಲ್ಲಿ” ಎಂದೆ.