ಬೇಡಿಕೋ ಎಂದಾಗ ಮಣಲೇರ ಬೇಡಿದ್ದು ಕಾಳಿಯನ್ನು

ಯುದ್ಧ ಗೆದ್ದ ಅರಸ ಮೆಚ್ಚಿ ‘ಏನು ಬೇಕೋ ಬೇಡಿಕೋ’ ಎಂದರೆ ಹತ್ತನೆಯ ಶತಮಾನದ ಯೋಧನೊಬ್ಬ ಏನು ಕೇಳುತ್ತಿದ್ದ? ಊರು, ಗದ್ದೆ, ಆನೆ, ಕುದುರೆ, ಚಿನ್ನ. ಗಂಗರ ಬೂತುಗನ ಎದುರು ನಿಂತ ಮಣಲೇರ ಇವ್ಯಾವುದನ್ನೂ ಕೇಳಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ದಯಪಾಲಿಸಬೇಕು ಎಂದ. ಬೂತುಗ ಕೊಟ್ಟ. ಮುಂದೆ ಬೇಟೆಯೊಂದರಲ್ಲಿ ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು, ತಾನೂ ಸತ್ತಿತು. ಸತ್ತ ನಾಯಿಗೆ ಮಣಲೇರ ಒಂದು ಕಲ್ಲು ನಿಲ್ಲಿಸಿದ. ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಆತಕೂರು ಶಾಸನ ಎಂದು ಹೆಸರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರಿನದು. ಈಗ ಅದಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ.

ವೀರಗಲ್ಲುಗಳನ್ನು ನೋಡಿ ಅಭ್ಯಾಸವಿದ್ದವರಿಗೆ ಈ ಕಲ್ಲು ಮೊದಲ ನೋಟಕ್ಕೇ ಬೇರೆಯಾಗಿ ಕಾಣುತ್ತದೆ. ನಮ್ಮ ಊರೂರುಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇಲ್ಲಿ ಆ ಯಾವುದೂ ಇಲ್ಲ. ಮನುಷ್ಯನ ಆಕೃತಿಯೇ ಇಲ್ಲ. ಬೇಡಿದವನೂ ಇಲ್ಲ, ಕೊಟ್ಟವನೂ ಇಲ್ಲ. ಚಪ್ಪಡಿಯ ಮೇಲ್ಭಾಗದಲ್ಲಿ ಒಂದಕ್ಕೊಂದು ತೊಡರಿಕೊಂಡ ನಾಯಿ ಮತ್ತು ಹಂದಿ, ಉಳಿದೆಡೆಯೆಲ್ಲ ಒತ್ತೊತ್ತಾಗಿ ಅಕ್ಷರ. ಆ ಅಕ್ಷರಗಳಲ್ಲಿ ಚಕ್ರವರ್ತಿಗಳಿದ್ದಾರೆ, ಚಿತ್ರದಲ್ಲಿ ಮಾತ್ರ ಕಾಳಿ. ಕಲ್ಲು ಕಡೆಸಿದವನಿಗೆ ಯಾವುದು ಮುಖ್ಯವಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆ ಚಕ್ರವರ್ತಿಗಳ ಕಥೆಯೂ ಸಣ್ಣದಲ್ಲ. ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ. ಇಂದಿನ ಲೆಕ್ಕದಲ್ಲಿ ಕ್ರಿ.ಶ. 949-50. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಕನ್ನಡ ಶಾಸನಗಳು ಅವನನ್ನು ಕನ್ನರದೇವ ಎನ್ನುತ್ತವೆ. ಗಂಗವಾಡಿಯಲ್ಲಿ ಅವನ ಭಾವ ಇಮ್ಮಡಿ ಬೂತುಗ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದವನು. ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾವಿರವನ್ನು ಕೈವಶ ಮಾಡಿಕೊಂಡವನೆಂದು ಇದೇ ಕಲ್ಲು ಹೇಳುತ್ತದೆ. ಭಾವ ಮೈದುನರಿಬ್ಬರೂ ಸೇರಿ ಚೋಳರ ಮೇಲೆ ಹೋದರು. ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ಯುದ್ಧವಾಯಿತು. ಪರಾಂತಕ ಚೋಳನ ಮಗ ರಾಜಾದಿತ್ಯ ಆನೆಯ ಮೇಲಿದ್ದಂತೆಯೇ ಬೂತುಗನ ಕೈಯಲ್ಲಿ ಸತ್ತ. ಚೋಳರ ದಾಖಲೆಗಳೂ ಅವನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ನೆನೆಯುತ್ತವೆ. ಆಗಷ್ಟೇ ಬಲಿಯುತ್ತಿದ್ದ ಚೋಳ ರಾಜ್ಯ ಆ ಒಂದು ಪೆಟ್ಟಿಗೆ ಕುಸಿಯಿತು. ಅದು ಮತ್ತೆ ತಲೆಯೆತ್ತಿ ನಿಲ್ಲಲು ರಾಜರಾಜನವರೆಗೆ ಕಾಯಬೇಕಾಯಿತು. ಇಷ್ಟು ದೊಡ್ಡ ಕಾಳಗದ ವಿವರ ತಿಳಿಯಲು ಇಂದಿಗೂ ಇತಿಹಾಸಕಾರರು ಹಿಡಿಯುವ ಮುಖ್ಯ ಆಧಾರಗಳಲ್ಲಿ ಒಂದು ನಾಯಿಗಾಗಿ ನೆಟ್ಟ ಈ ಕಲ್ಲು.

ಗೆಲುವಿನ ನಂತರ ಉಡುಗೊರೆಗಳ ಸರದಿ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ನಾಡುಗಳ ಹೆಸರಿನ ಮುಂದೆ ಇಂಥ ಸಂಖ್ಯೆ ಸೇರಿಸಿ ಹೇಳುವುದು ಆ ಕಾಲದ ಆಡಳಿತದ ರೂಢಿ. ಬೂತುಗನೂ ತನ್ನ ಕಡೆಯಿಂದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲ ನಾಡಿನ ಒಂದು ಊರನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ದತ್ತಿಯಾಗಿ, ಕೊಟ್ಟ. ಸಗರ ವಂಶದವನೆಂದು ಹೇಳಿಕೊಳ್ಳುವ ಈ ಮಣಲೇರನಿಗೆ ಭೂಮಿಯ ಕೊರತೆಯಾಗಲಿಲ್ಲ. ಆದರೆ ಬಾಯಿಬಿಟ್ಟು ಕೇಳುವ ಅವಕಾಶ ಸಿಕ್ಕಾಗ ಅವನು ಕೇಳಿದ್ದು ನಾಯಿಯನ್ನು. ನನಗೆ ಈ ಶಾಸನದಲ್ಲಿ ರಾಜಾದಿತ್ಯನ ಸಾವಿಗಿಂತ ಹೆಚ್ಚು ಕಾಡುವುದು ಈ ಬೇಡಿಕೆ. ಬೂತುಗನ ಬೀಡಿನಲ್ಲಿ ಆ ನಾಯಿಯನ್ನು ಅವನು ದಿನವೂ ಕಂಡಿರಬೇಕು, ಅದರ ಮೇಲೆ ಮನಸ್ಸಿಟ್ಟಿರಬೇಕು. ಅರಸನ ನಾಯಿಯನ್ನು ಸುಮ್ಮನೆ ಕೇಳುವಂತಿಲ್ಲ. ಕೇಳಲು ಒಂದು ಯುದ್ಧ ಗೆಲ್ಲಬೇಕಾಯಿತು.

ಬೇಟೆ ನಡೆದದ್ದು ಕೆಳಲೆ ನಾಡಿನಲ್ಲಿ, ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ. ಜಾಗವನ್ನು ಶಾಸನ ಅಷ್ಟು ಕರಾರುವಾಕ್ಕಾಗಿ ಗುರುತಿಸುತ್ತದೆ. ದೊಡ್ಡ ಹಂದಿಯೊಂದಕ್ಕೆ ಕಾಳಿಯನ್ನು ಬಿಟ್ಟರು. ಗಂಡು ಕಾಡುಹಂದಿಯನ್ನು ಎದುರಿಸುವುದು ಎಂದರೆ ಏನೆಂದು ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ರಾತ್ರಿ ಕಾವಲಿರುವ ರೈತರನ್ನು ಕೇಳಬೇಕು. ಅದರ ಕೆಳದವಡೆಯ ಕೋರೆಗಳು ಮೇಲಿನ ಕೋರೆಗಳಿಗೆ ಸದಾ ಉಜ್ಜಿ ಹರಿತವಾಗುತ್ತಲೇ ಇರುತ್ತವೆ. ಭುಜದ ಮೇಲಿನ ಚರ್ಮದಡಿ ದಪ್ಪನೆಯ ಗಟ್ಟಿ ಪದರ ಬೆಳೆದಿರುತ್ತದೆ, ಹಲ್ಲು ಸುಲಭಕ್ಕೆ ಇಳಿಯುವುದಿಲ್ಲ. ಅದು ತಲೆ ತಗ್ಗಿಸಿ ನುಗ್ಗಿ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ, ನಾಯಿಯ ಹೊಟ್ಟೆಯೇ ಮೊದಲ ಗುರಿ. ಬೇಟೆನಾಯಿಯ ಕೆಲಸ ಹಂದಿಯನ್ನು ತಡೆದು ನಿಲ್ಲಿಸುವುದು, ಈಟಿ ಹಿಡಿದವರು ಬರುವವರೆಗೆ ಅದನ್ನು ಕದಲಗೊಡದಿರುವುದು. ಕಿವಿಯನ್ನೋ ಕೊರಳನ್ನೋ ಒಮ್ಮೆ ಕಚ್ಚಿದರೆ ಬಿಡಬಾರದು. ಬಿಟ್ಟರೆ ಕೋರೆಗೆ ಸಿಕ್ಕಿತು, ಬಿಡದಿದ್ದರೂ ಸಿಗಬಹುದು. ಕಾಳಿ ಬಿಡಲಿಲ್ಲ. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು ಎಂದು ಶಾಸನ ಬಹಳ ಚಿಕ್ಕದಾಗಿ ಹೇಳಿ ಮುಗಿಸುತ್ತದೆ. ಅರಸರ ಬಿರುದುಗಳಿಗೆ ಸಾಲುಗಟ್ಟಲೆ ಜಾಗ ಕೊಟ್ಟ ಬರಹಗಾರ ಇಲ್ಲಿ ಒಂದು ಅಲಂಕಾರವನ್ನೂ ಸೇರಿಸಿಲ್ಲ.

ಹೀಗೆ ಸತ್ತ ಪ್ರಾಣಿಗೆ ಕಲ್ಲು ನೆಡಿಸುವುದು ಕಾಳಿಯಿಂದಲೇ ಶುರುವಾದದ್ದಲ್ಲ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಎಂದರೆ ಏಳನೆಯ ಶತಮಾನದ ಒಂದು ವೀರಗಲ್ಲಿದೆ. ಅದರಲ್ಲಿ ಸತ್ತ ವೀರನ ಪಕ್ಕದಲ್ಲೇ ಅವನ ನಾಯಿ ಕೋವಿವನ್ ನಿಂತಿದೆ. ಕಳ್ಳರನ್ನು ಕಚ್ಚಿ ಕಾವಲು ನಿಂತ ನಾಯಿ ಎಂದು ಬರಹ. ಅಲ್ಲಿ ನಾಯಿ ಒಡೆಯನ ಜೊತೆಗಿದೆ. ಆತಕೂರಿನಲ್ಲಿ ಒಡೆಯ ಬದುಕಿದ್ದಾನೆ, ಕಲ್ಲು ಪೂರ್ತಿ ನಾಯಿಯದು.

ನಿಷ್ಠೆಯ ನಾಯಿ ಎಂದರೆ ಈಗ ಜಗತ್ತಿಗೆಲ್ಲ ನೆನಪಾಗುವುದು ಟೋಕಿಯೊದ ಶಿಬುಯಾ ನಿಲ್ದಾಣದ ಹಚಿಕೊ. ಒಡೆಯ ಪ್ರೊಫೆಸರ್ ಉಎನೊ 1925ರಲ್ಲಿ ತೀರಿಕೊಂಡ ಮೇಲೂ 1935ರಲ್ಲಿ ತಾನು ಸಾಯುವವರೆಗೆ ನಿಲ್ದಾಣಕ್ಕೆ ಬಂದು ಕಾದ ನಾಯಿ. ಅದರ ಕಂಚಿನ ಪ್ರತಿಮೆ 1934ರಲ್ಲೇ, ಅದು ಬದುಕಿದ್ದಾಗಲೇ ಎದ್ದಿತು. ಎಡಿನ್‌ಬರೋದಲ್ಲಿ ಒಡೆಯನ ಸಮಾಧಿ ಬಿಟ್ಟು ಕದಲದ ಬಾಬಿಗೆ 1873ರಲ್ಲಿ ಪ್ರತಿಮೆಯಾಯಿತು. ಎರಡೂ ಮನ ಕಲಕುವ ಕಥೆಗಳೇ. ಆದರೆ ಎರಡರಲ್ಲೂ ಕಾಯುವ ಭಾರ ಹೊತ್ತದ್ದು ನಾಯಿ, ನೋಡಿ ಮೆಚ್ಚಿದ್ದು ಮನುಷ್ಯರು. ಆತಕೂರಿನ ಕಲ್ಲು ಆ ಭಾರವನ್ನು ಮನುಷ್ಯರ ಹೆಗಲಿಗೆ ಹಾಕುತ್ತದೆ.

ಹೇಗೆಂದರೆ, ಮಣಲೇರ ಕಲ್ಲನ್ನು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟುಕೊಟ್ಟ. ಖಂಡುಗ ಎಂದರೆ ಇಪ್ಪತ್ತು ಕೊಳಗ. ಅಷ್ಟು ಬಿತ್ತನೆ ಹಿಡಿಯುವ ನೆಲಕ್ಕೆ ಆ ಹೆಸರು. ಕೆರೆಯ ಕೆಳಗಿನ ಗದ್ದೆ ಅಂದರೆ ನೀರು ಖಾತ್ರಿ ಇರುವ, ಊರಿನಲ್ಲೇ ಒಳ್ಳೆಯ ನೆಲ. ಆ ನೆಲದ ಫಲದಿಂದ ಕಲ್ಲಿನ ಪೂಜೆ ಸಾಗಬೇಕು. ಒಕ್ಕಲಾಗಲಿ, ಊರನ್ನಾಳುವವನಾಗಲಿ, ನಾಡನ್ನಾಳುವವನಾಗಲಿ ಇದನ್ನು ನಡೆಸಿಕೊಡದಿದ್ದರೆ ಆ ನಾಯಿ ಮಾಡಿದ ಪಾಪ ಅವನಿಗೆ. ದೇವಾಲಯ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ದತ್ತಿ ಶಾಸನಗಳಲ್ಲಿ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಶಾಪ ಸಾಮಾನ್ಯ. ಇಲ್ಲಿ ಶಾಪವೂ ಕಾಳಿಯ ಹೆಸರಿನಲ್ಲೇ.

ಪ್ರೀತಿಯನ್ನು ಇಷ್ಟು ವ್ಯಾವಹಾರಿಕವಾಗಿ ಯೋಚಿಸಿದ್ದು ನನಗೆ ತುಂಬ ದೊಡ್ಡ ಮಾತು ಅನಿಸುತ್ತದೆ. ದುಃಖ ತನ್ನ ಕಾಲಕ್ಕೇ ತೀರುತ್ತದೆ, ನೆನಪು ಉಳಿಯಬೇಕಾದರೆ ಅದಕ್ಕೆ ನೀರಾವರಿ ಬೇಕು, ಉಳುವವನು ಬೇಕು, ದಿನವೂ ಊಟಕ್ಕೆ ಮುಂಚೆ ಬಂದು ಹೂವಿಡುವವನು ಬೇಕು ಎಂಬುದು ಮಣಲೇರನಿಗೆ ಗೊತ್ತಿತ್ತು. ಒಬ್ಬ ಗೊರವ ಹಸಿದು ಬಂದಾಗಲೆಲ್ಲ ಮೊದಲು ಒಂದು ನಾಯಿಯನ್ನು ನೆನೆಯಬೇಕು, ಆಮೇಲೆ ತುತ್ತು. ದೇವಾಲಯಕ್ಕೆ ಬರುವವರೂ ಶಿವನ ಮುಂದೆ ನಿಲ್ಲುವ ಮೊದಲು ಕಾಳಿಯ ಕಲ್ಲನ್ನು ದಾಟಿಯೇ ಹೋಗಬೇಕು. ನಾಯಿಯನ್ನು ಬಾಗಿಲಾಚೆಗೆ ಅಟ್ಟುವ ಮಡಿಯ ಲೆಕ್ಕಾಚಾರ ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

ಆ ಪೂಜೆ ಈಗ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಈ ಶಾಸನವನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಮಂಡ್ಯ 41 ಎಂಬ ಸಂಖ್ಯೆಯಡಿ ಸೇರಿಸಿದರು, ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ವಿಸ್ತಾರವಾಗಿ ಸಂಪಾದಿಸಿದರು. ಕಲ್ಲು ಬೆಂಗಳೂರಿಗೆ ಬಂತು. ಬಂದದ್ದರಿಂದ ಅಕ್ಷರಗಳು ಉಳಿದವು, ನಾನೂ ನೀವೂ ನೋಡುವಂತಾಯಿತು. ಆದರೆ ಕೆರೆ, ಗದ್ದೆ, ದೇವಾಲಯ, ಗೊರವ ಎಲ್ಲವನ್ನೂ ಸೇರಿಸಿ ಮಣಲೇರ ಕಟ್ಟಿದ್ದ ಏರ್ಪಾಟಿನಿಂದ ಕಲ್ಲು ಮಾತ್ರ ಬಿಡಿಯಾಗಿ ಬಂದಿದೆ. ಅದರ ಮುಂದೆ ನಿಂತಾಗ ನನಗೆ ಬೇಸರವಾದದ್ದು ಆ ಕಾರಣಕ್ಕೆ.

ನೋಡಲು ಹೋಗುವವರಿಗೆ ಒಂದು ಮಾತು. ಶಾಸನದ ಪಾಠವನ್ನು ಹೊಸಗನ್ನಡದ ಅರ್ಥದೊಂದಿಗೆ ಮನೆಯಲ್ಲೇ ಒಮ್ಮೆ ಓದಿಕೊಂಡು ಹೋಗಿ. ಹತ್ತನೆಯ ಶತಮಾನದ ಲಿಪಿ ಥಟ್ಟನೆ ಓದಲು ಬಾರದು, ಆದರೂ ಕಥೆ ತಲೆಯಲ್ಲಿದ್ದರೆ ಅಕ್ಷರಗಳು ಒಂದೊಂದಾಗಿ ಗುರುತು ಹತ್ತುತ್ತವೆ. ಮಕ್ಕಳು ಜೊತೆಗಿದ್ದರೆ ತಕ್ಕೋಲದ ಯುದ್ಧವನ್ನು ಆಮೇಲೆ ಹೇಳಿದರಾಯಿತು. ಮೊದಲು ಮೇಲಿನ ಶಿಲ್ಪ ತೋರಿಸಿ, ಎರಡರಲ್ಲಿ ಕಾಳಿ ಯಾವುದು ಎಂದು ಕೇಳಿ.