ಇಗರ್ಜಿ ಅಂಗಳದ ಕನ್ನಡ ಶಾಲೆ

ಉಡುಪಿ ಜಿಲ್ಲೆಯಲ್ಲಿ ಹಳೆಯ ಇಗರ್ಜಿ ಇದ್ದಲ್ಲಿ ಪಕ್ಕದಲ್ಲೊಂದು ಶಾಲೆ ಇಲ್ಲದಿರುವುದು ಅಪರೂಪ. ಕಲ್ಯಾಣಪುರದ ಮಿಲಾಗ್ರಿಸ್, ಕಾಪು ತಾಲ್ಲೂಕಿನ ಶಿರ್ವ ಮತ್ತು ಶಂಕರಪುರ, ಕಾರ್ಕಳ ತಾಲ್ಲೂಕಿನ ಅತ್ತೂರು, ಬೆಳ್ಮಣ್ಣು, ಹೀಗೆ ಯಾವ ಊರಿಗೆ ಹೋದರೂ ಎರಡಕ್ಕೂ ಒಂದೇ ಅಂಗಳ. ಭಾನುವಾರ ಪೂಜೆಗೆ ಬಂದವರು ನಿಂತು ಮಾತಾಡುವ ಜಾಗದಲ್ಲೇ ಸೋಮವಾರ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಾರೆ. ಇಗರ್ಜಿಯ ಧರ್ಮಗುರುಗಳೇ ಸಾಮಾನ್ಯವಾಗಿ ಶಾಲೆಯ ಸಂಚಾಲಕರು. ಒಂದನೇ ತರಗತಿಗೆ ಕೈಹಿಡಿದು ಬಂದ ಮಗು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುವವರೆಗೂ ಅದೇ ಅಂಗಳದಲ್ಲಿ ಬೆಳೆದದ್ದು ಇಲ್ಲಿನ ಎಷ್ಟೋ ಮನೆಗಳ ಕಥೆ.

ಈ ಶಾಲೆಗಳಿಗೆ ಬೇರು ಎರಡು. ಒಂದು ಪ್ರೊಟೆಸ್ಟೆಂಟರದು. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಎರಡು ವರ್ಷದೊಳಗೆ ಅಲ್ಲಿ ಕನ್ನಡ ಶಾಲೆ ತೆರೆಯಿತು. ಶತಮಾನದ ನಡುವಿನ ಹೊತ್ತಿಗೆ ಕೆಲಸ ಉಡುಪಿಗೂ ಹಬ್ಬಿ, ಶಾಲೆಯ ಜೊತೆಗೆ ಹುಡುಗರ ವಸತಿಗೃಹವೂ ಎದ್ದಿತು. ಉಡುಪಿಯ ಕ್ರಿಶ್ಚನ್ ಹೈಸ್ಕೂಲು ಈ ಪರಂಪರೆಯ ಕುಡಿ. ಮಿಷನರಿಗಳು ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಬೈಬಲ್ ಓದಿಸಬೇಕಾದರೆ ಮೊದಲು ಅಕ್ಷರ ಕಲಿಸಬೇಕು. ಅಕ್ಷರ ಕಲಿಸಬೇಕಾದರೆ ಪುಸ್ತಕ ಬೇಕು, ಅಚ್ಚುಕೂಟ ಬೇಕು, ವ್ಯಾಕರಣ, ನಿಘಂಟು ಬೇಕು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕಲ್ಲಚ್ಚಿನ ಮುದ್ರಣ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಎಲ್ಲವೂ ಈ ಅಗತ್ಯದ ಆಸುಪಾಸಿನಲ್ಲೇ ಹುಟ್ಟಿದವು. ತುಳುವಿನ ಹೊಸ ಒಡಂಬಡಿಕೆಯನ್ನೂ ಅವರು ಅಚ್ಚು ಹಾಕಿದ್ದು ಕನ್ನಡ ಲಿಪಿಯಲ್ಲಿ. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ ಅಕ್ಷರ ಎಂಬ ನಮ್ಮ ಕರಾವಳಿಯ ರೂಢಿ ಗಟ್ಟಿಯಾದದ್ದರಲ್ಲಿ ಈ ಶಾಲೆ ಮತ್ತು ಅಚ್ಚುಕೂಟಗಳ ಪಾಲು ದೊಡ್ಡದು.

ಮತಾಂತರವಾದವರು ಜಾತಿಯ ಕಸುಬು, ಗೇಣಿಯ ಭೂಮಿ ಎರಡನ್ನೂ ಕಳೆದುಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಮಿಷನ್ ಓದಿನ ಬೆನ್ನಿಗೆ ಕೆಲಸವನ್ನೂ ಒದಗಿಸಿತು. 1865ರಲ್ಲಿ ಜೆಪ್ಪುವಿನಲ್ಲಿ, ಮುಂದೆ ಮಲ್ಪೆಯಲ್ಲಿ ಹಂಚಿನ ಕಾರ್ಖಾನೆಗಳು ಬಂದವು.

ಇನ್ನೊಂದು ಬೇರು ಕೆಥೋಲಿಕರದು, ಅದಕ್ಕೆ ನೋವಿನ ನೆನಪೂ ಅಂಟಿಕೊಂಡಿದೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿನ ಇಗರ್ಜಿಗಳೂ ನೆಲಸಮವಾದವು. 1799ರ ನಂತರ ಉಳಿದುಬಂದವರು ಮನೆ, ಗದ್ದೆ, ಇಗರ್ಜಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಆ ಇಗರ್ಜಿಗಳ ನೆರಳಲ್ಲಿ ಕಾಲಕ್ರಮದಲ್ಲಿ ಶಾಲೆಗಳು ಎದ್ದವು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು, 1921ರಲ್ಲಿ ಅಲ್ಲೇ ಹುಟ್ಟಿದ ಬೆಥನಿ ಸಂಸ್ಥೆಯ ಭಗಿನಿಯರು ಹೆಣ್ಣುಮಕ್ಕಳ ಓದಿಗೆ ದಾರಿ ಮಾಡಿದರು. ಹಳ್ಳಿಯ ತಾಯಂದಿರು ಮಗಳನ್ನು ಧೈರ್ಯವಾಗಿ ಶಾಲೆಗೆ ಕಳುಹಿಸಿದ್ದು ಬಹಳ ಕಡೆ ಅಲ್ಲಿ ‘ಸಿಸ್ಟರ್’ ಇದ್ದಾರೆಂಬ ನಂಬಿಕೆಯಿಂದ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನಾಲಯ.

ಧರ್ಮಶಿಕ್ಷಣ ಇಲ್ಲಿ ನಡೆಯುವ ಬಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆ ಯಾವ ಮಗುವನ್ನೂ ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ ಕೂರಿಸಬಾರದು ಎನ್ನುತ್ತದೆ. ಇವೆರಡರ ನಡುವೆ ಶಾಲೆಗಳು ಸರಳ ದಾರಿ ಕಂಡುಕೊಂಡವು. ಕೆಥೋಲಿಕ್ ಮಕ್ಕಳು ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ‘ದೊತೊರ್ನ್’ (ಧರ್ಮೋಪದೇಶ) ಪುಸ್ತಕ ಹಿಡಿದು ಒಂದು ಕೋಣೆಗೆ, ಉಳಿದ ಮಕ್ಕಳು ನೀತಿಪಾಠಕ್ಕೆ ಇನ್ನೊಂದು ಕೋಣೆಗೆ. ಅವಧಿ ಮುಗಿದ ಮೇಲೆ ಎಲ್ಲರೂ ಮತ್ತೆ ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಗಣಿತ ಕಲಿಯುತ್ತಾರೆ. ಕೆಲವು ಕಡೆ ದೊತೊರ್ನ್ ಭಾನುವಾರದ ಪೂಜೆಯ ನಂತರ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಪ್ರಥಮ ಪರಮಪ್ರಸಾದ, ಹೈಸ್ಕೂಲಿನ ಹೊತ್ತಿಗೆ ದೃಢೀಕರಣ, ಹೀಗೆ ನಂಬಿಕೆಯ ಮೆಟ್ಟಿಲುಗಳೂ ತರಗತಿಗಳ ಜೊತೆಜೊತೆಗೇ ಏರುತ್ತವೆ.

ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಮ್ಮನಿಗೆ ಅರ್ಪಿಸುತ್ತಾರೆ. ದಾಸವಾಳ, ಗೊರಟೆ, ಬೇಲಿ ಬದಿಯ ಕಾಡುಹೂ ಯಾವುದಾದರೂ ಆದೀತು. ಹಬ್ಬದ ದಿನ ಪೂಜೆ ಮುಗಿದ ಮೇಲೆ ಕೈಗೊಂದು ಕಬ್ಬು. ಶಂಕರಪುರದ ಮನೆಗಳಲ್ಲಂತೂ ಹೂವೆಂದರೆ ಹಬ್ಬವಷ್ಟೇ ಅಲ್ಲ, ಬದುಕು. ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ, ಹೂ ಮಾರುವ ಕಟ್ಟೆಗೆ ಮುಟ್ಟಿಸಿ ಬಂದ ಹಣದಲ್ಲಿ ಮಕ್ಕಳ ಓದಿನ ಖರ್ಚು ತೂಗಿಸಿದ ತಾಯಂದಿರು ಅಲ್ಲಿ ಬಹಳ. ಅವರಲ್ಲಿ ಎಲ್ಲ ಮತದವರೂ ಇದ್ದಾರೆ.

ಮಣಿಪಾಲದ ಮಾತು ಬೇರೆ. 1953ರಲ್ಲಿ ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜು ತೆರೆದ ಮೇಲೆ ದೇಶದ ನಾನಾ ಕಡೆಯವರು ಬಂದು ನೆಲೆಸಿದರು. ಅವರ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮ ಬೇಕಾಯಿತು. ಆ ಗಾಳಿ ಈಗ ಕಾಪು, ಕಾರ್ಕಳದ ಹಳ್ಳಿಗಳಿಗೂ ಬೀಸಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ತಡೆಯೂ ಉಳಿದಿಲ್ಲ. ಒಂದೇ ಇಗರ್ಜಿಯ ಅಂಗಳದಲ್ಲಿ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡ ತುಂಬಿ ತುಳುಕುತ್ತದೆ. ಹಂಚಿನ ಮಾಡಿನ ಹಳೆಯ ಅನುದಾನಿತ ಕನ್ನಡ ಶಾಲೆಯಲ್ಲಿ ಎರಡು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕಾಗುತ್ತದೆ. ಅನುದಾನವೆಂದರೆ ಮಂಜೂರಾದ ಹುದ್ದೆಯ ಸಂಬಳ ಮಾತ್ರ. ಮೇಷ್ಟ್ರು ನಿವೃತ್ತರಾದರೆ ಆ ಹುದ್ದೆ ಸುಲಭಕ್ಕೆ ತುಂಬುವುದಿಲ್ಲ. ಗೌರವ ಶಿಕ್ಷಕರ ಸಂಬಳ, ಮಾಡಿನ ರಿಪೇರಿ ಎಲ್ಲ ಆಡಳಿತ ಮಂಡಳಿಯ ತಲೆಗೆ.

ಹೊಸ ಶಾಲೆಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೊಗವೀರರ, ಬ್ಯಾರಿಗಳ, ಕೂಲಿಯವರ ಮಕ್ಕಳು ಕ್ರೈಸ್ತ ಮಕ್ಕಳೊಂದಿಗೆ ಶುಲ್ಕದ ಭಾರವಿಲ್ಲದೆ ಕೂತು ಓದಿದ್ದು ಆ ಹಳೆಯ ಕನ್ನಡ ಶಾಲೆಯಲ್ಲೇ. ಕ್ರೈಸ್ತ ಶಿಕ್ಷಣದ ನಿಜವಾದ ಸಾಕ್ಷಿ ಅದೇ ಎಂದು ನಾನು ನಂಬಿದ್ದೇನೆ. ಧರ್ಮಪ್ರಾಂತ್ಯಗಳು, ಸಭೆಗಳು ಇಂಗ್ಲಿಷ್ ಶಾಲೆಯ ಆದಾಯದ ಒಂದು ಪಾಲನ್ನು ಇವುಗಳಿಗೆ ಮೀಸಲಿಡಲಿ. ಅಲ್ಲಿ ಓದಿ ಮುಂಬೈ, ದುಬೈ ಸೇರಿದವರೂ ಮುಂದಿನ ಬಾರಿ ಊರಿಗೆ ಬಂದಾಗ ಮುಖ್ಯೋಪಾಧ್ಯಾಯರನ್ನು ಕಂಡು, ಒಬ್ಬ ಗೌರವ ಶಿಕ್ಷಕರ ಒಂದು ವರ್ಷದ ಸಂಬಳಕ್ಕೆ ಎಷ್ಟು ಬೇಕೆಂದು ವಿಚಾರಿಸಲಿ.